ಕಾರ್ಡ್ ಕಂಡಂ ಮಾಡುವ ಮುನ್ನ ಕರ್ನಲ್ ಹೇಳುವುದನ್ನು ಓದಿ

ಮಾನ್ಯರೇ,

ಕಾಲೇಜುಗಳ ಹಳೆಯ ಕಂಪ್ಯೂಟರ್‌ಗಳು ತೂಕದ ಲೆಕ್ಕದಲ್ಲಿ ಹರಾಜಾಗುತ್ತಿರುವ ಬಗ್ಗೆ ನಿಮ್ಮ ಪತ್ರಿಕೆಯಲ್ಲಿ ಬಂದ ವರದಿ ಓದಿದೆ. ವರದಿಗಾರರ ಕಾಳಜಿಯೆಲ್ಲ ಮಾನಿಟರು, ಯುಪಿಎಸ್ ಬ್ಯಾಟರಿಗಳ ಮೇಲಿತ್ತು. ಅದು ಸರಿಯೇ. ಆದರೆ ಜೊತೆಗಿದ್ದ ಚಿತ್ರದಲ್ಲಿ ಸರ್ವರ್‌ಗಳ ರಾಶಿಯ ಹಿಂಬದಿ ಸ್ಪಷ್ಟವಾಗಿ ಕಾಣುತ್ತಿತ್ತು. ಅವುಗಳಲ್ಲಿ ಫೈಬರ್ ನೆಟ್‌ವರ್ಕ್ ಕಾರ್ಡ್‌ಗಳು ಇನ್ನೂ ಸ್ಲಾಟ್ ಬಿಟ್ಟು ಅಲುಗಾಡಿರಲಿಲ್ಲ. ದಾವಣಗೆರೆಯ ಎಂಜಿನಿಯರಿಂಗ್ ಕಾಲೇಜೊಂದರಲ್ಲಿ ನೆಟ್‌ವರ್ಕ್ ಲ್ಯಾಬ್ ನೋಡಿಕೊಳ್ಳುವ ನನಗೆ ಆ ಚಿತ್ರ ನೋಡಿ ಹೊಟ್ಟೆ ಉರಿಯಿತು. ಅಂಥ ಕಾರ್ಡ್‌ಗಳಲ್ಲಿ ಎಷ್ಟೋ ಕೆಟ್ಟಿರುವುದಿಲ್ಲ. ಕಾರ್ಡನ್ನು ನಡೆಸುವ ತಂತ್ರಾಂಶಕ್ಕೆ, ಅಂದರೆ ಡ್ರೈವರ್‌ಗೆ, ಹೇಳಬೇಕಾದ ಒಂದು ಸಾಲನ್ನು ಯಾರೂ ಹೇಳಿರುವುದಿಲ್ಲ, ಅಷ್ಟೇ.

ನಮ್ಮಲ್ಲಿ ‘ದೋಷಪೂರಿತ’ ಎಂಬ ಚೀಟಿ ಅಂಟಿಸಿಕೊಂಡು ಕಪಾಟು ಸೇರಿದ್ದದ್ದು ಇಂಟೆಲ್ ಎಕ್ಸ್520. 82599 ಚಿಪ್ ಇರುವ, ಸೆಕೆಂಡಿಗೆ 10 ಗಿಗಾಬಿಟ್ ವೇಗದ ಕಾರ್ಡ್. ಇದರ ಬಾಯಿಗೆ, ವಿದ್ಯುತ್ ಸಂಕೇತವನ್ನು ಬೆಳಕಾಗಿಸುವ ಬೆರಳುದ್ದದ ಎಸ್‌ಎಫ್‌ಪಿ ಪ್ಲಸ್ ಮಾಡ್ಯೂಲ್ ಹಾಕಿ, ಅದಕ್ಕೆ ಫೈಬರ್ ಸಿಕ್ಕಿಸಬೇಕು. ಕಾರ್ಡ್ ಒಂದು ಕಂಪನಿಯದು, ಮಾಡ್ಯೂಲ್ ಟೆಂಡರ್‌ನಲ್ಲಿ ಅತಿ ಕಡಿಮೆ ದರ ನಮೂದಿಸಿದವರು ಕೊಟ್ಟದ್ದು. ತೊಂದರೆ ಶುರುವಾಗುವುದೇ ಇಲ್ಲಿ. ಲಿನಕ್ಸ್ ಎಂಬ ಕಾರ್ಯಾಚರಣಾ ವ್ಯವಸ್ಥೆಯಲ್ಲಿ ಈ ಕಾರ್ಡನ್ನು ನಡೆಸುವ ಡ್ರೈವರ್ ‘ಐಎಕ್ಸ್‌ಜಿಬಿಇ’. ಅದು ಏಳುತ್ತಿದ್ದಂತೆಯೇ ಮಾಡ್ಯೂಲಿನೊಳಗಿನ ಪುಟ್ಟ ಮೆಮೊರಿಯನ್ನು ಓದಿ, ತಯಾರಕರು ಯಾರು ಎಂದು ನೋಡುತ್ತದೆ. ತನ್ನವರಲ್ಲದಿದ್ದರೆ, ಮದುವೆ ಮನೆಯ ಬಾಗಿಲಲ್ಲೇ ಗೋತ್ರ ಕೇಳಿ ನೆಂಟನನ್ನು ವಾಪಸ್ ಕಳಿಸಿದಂತೆ, ಆ ಪೋರ್ಟನ್ನೇ ಕೈಬಿಡುತ್ತದೆ.

ಕೈಬಿಡುವುದೆಂದರೆ ಸಂಪರ್ಕ ಇಲ್ಲ ಎಂದು ತೋರಿಸುವುದಲ್ಲ. ನೆಟ್‌ವರ್ಕ್ ಪೋರ್ಟ್‌ಗಳ ಪಟ್ಟಿಯಲ್ಲಿ ಅದರ ಹೆಸರೇ ಬರುವುದಿಲ್ಲ. ನಿರ್ವಹಣೆ ಗುತ್ತಿಗೆಯ ಹುಡುಗರು ಬಂದು ಆ ಪಟ್ಟಿ ತೋರಿಸುವ ‘ಐಪಿ ಲಿಂಕ್’ ಆಜ್ಞೆ ಕೊಟ್ಟು ನೋಡುತ್ತಾರೆ, ಏನೂ ಕಾಣುವುದಿಲ್ಲ, ‘ಕಾರ್ಡ್ ಹೋಗಿದೆ ಮೇಡಂ’ ಎಂದು ಸರ್ವಿಸ್ ರಿಪೋರ್ಟ್‌ಗೆ ಸಹಿ ಹಾಕಿಸಿಕೊಂಡು ಹೋಗುತ್ತಾರೆ. ಆದರೆ ಯಂತ್ರದಲ್ಲಿ ಕೂತಿರುವ ಕಾರ್ಡ್‌ಗಳನ್ನು ಪಟ್ಟಿ ಮಾಡುವ ‘ಎಲ್‌ಎಸ್‌ಪಿಸಿಐ’ ಕೊಟ್ಟರೆ ಅದೇ ಕಾರ್ಡ್ ಠಾಕುಠೀಕಾಗಿ ಕಾಣಿಸುತ್ತದೆ. ಲಿನಕ್ಸ್‌ನ ತಿರುಳಾದ ಕರ್ನಲ್ ಬರೆದಿಡುವ ದಾಖಲೆ, ಅಂದರೆ ಕರ್ನಲ್ ಲಾಗ್, ತೆರೆದರಂತೂ ಕಾರಣವನ್ನೇ ಬರೆದಿಟ್ಟಿರುತ್ತದೆ: ಬೆಂಬಲವಿಲ್ಲದ ಮಾಡ್ಯೂಲ್ ಸಿಕ್ಕಿದ್ದರಿಂದ ಲೋಡ್ ಆಗಲಿಲ್ಲ, ಬೆಂಬಲವಿರುವುದನ್ನು ಹಾಕಿ ಡ್ರೈವರನ್ನು ಮತ್ತೆ ಲೋಡ್ ಮಾಡಿ ಎಂದು. ಇಷ್ಟು ಬಿಡಿಸಿ ಹೇಳುವ ಯಂತ್ರವನ್ನು ಗುಜರಿಯವರಿಗೆ ಒಪ್ಪಿಸುತ್ತೇವಲ್ಲ!

ಕಾರ್ಡ್ ಬದುಕಿದೆಯೋ ಇಲ್ಲವೋ ತಿಳಿಯಲು ಖರ್ಚಿಲ್ಲದ ಪರೀಕ್ಷೆಯೊಂದಿದೆ. ಮಾಡ್ಯೂಲನ್ನು ಹೊರಗೆಳೆದು, ಬಾಯಿ ಖಾಲಿ ಬಿಟ್ಟು ಯಂತ್ರವನ್ನು ಮತ್ತೆ ಚಾಲೂ ಮಾಡಿ. ಕಾರ್ಡ್ ಸರಿಯಿದ್ದರೆ ಪೋರ್ಟ್ ಪಟ್ಟಿಗೆ ಬರುತ್ತದೆ. ಈಗ ಅದೇ ಮಾಡ್ಯೂಲನ್ನು ತಳ್ಳಿದರೆ ಕಣ್ಣೆದುರೇ ಪೋರ್ಟ್ ಮಾಯವಾಗುತ್ತದೆ. ಇನ್ನೊಂದು ದಾರಿ, ಎರಡೂ ತುದಿಯಲ್ಲಿ ಮಾಡ್ಯೂಲ್ ಅಂಟಿಕೊಂಡೇ ಬರುವ ತಾಮ್ರದ ‘ಡೈರೆಕ್ಟ್ ಅಟ್ಯಾಚ್’ ಕೇಬಲ್ ಹಾಕಿ ನೋಡುವುದು. ಅದು ಯಾವ ಕಂಪನಿಯದಾದರೂ ಈ ಡ್ರೈವರ್ ತಕರಾರು ಮಾಡುವುದಿಲ್ಲ. ಫೈಬರ್ ಮಾಡ್ಯೂಲಿಗೆ ಮಾತ್ರ ಈ ಮಡಿ.

ಮಡಿ ಬಿಡಿಸುವ ಆಯ್ಕೆ ಡ್ರೈವರ್‌ನಲ್ಲಿಯೇ ಇದೆ. ‘ಇಟಿಸಿ’ ಒಳಗಿನ ‘ಮಾಡ್‌ಪ್ರೋಬ್ ಡಾಟ್ ಡಿ’ ಫೋಲ್ಡರ್‌ನಲ್ಲಿ ಒಂದು ಕಡತ ಮಾಡಿ, ‘ಆಪ್ಶನ್ಸ್ ಐಎಕ್ಸ್‌ಜಿಬಿಇ ಅಲೌ_ಅನ್‌ಸಪೋರ್ಟೆಡ್_ಎಸ್‌ಎಫ್‌ಪಿ=1’ ಎಂದು ಒಂದೇ ಸಾಲು ಬರೆಯಬೇಕು. (ಇಲ್ಲಿ ಕನ್ನಡದಲ್ಲಿ ಬರೆದಿದ್ದೇನೆ, ಯಂತ್ರಕ್ಕೆ ಕೊಡುವಾಗ ಇಂಗ್ಲಿಷಿನ ಸಣ್ಣ ಅಕ್ಷರಗಳಲ್ಲಿ, ಅಡಿಗೆರೆ ಸಮೇತ.) ಬಹಳ ಮಂದಿ ಇಷ್ಟು ಮಾಡಿ ರೀಬೂಟ್ ಕೊಟ್ಟು, ಏನೂ ಬದಲಾಗಲಿಲ್ಲ ಎಂದು ಕೈಚೆಲ್ಲುತ್ತಾರೆ. ಯಂತ್ರ ಏಳುವಾಗ ಮೊದಲು ತೆರೆದುಕೊಳ್ಳುವ ‘ಇನಿಟ್‌ರಾಮ್‌ಎಫ್‌ಎಸ್’ ಎಂಬ ಸಣ್ಣ ಗಂಟಿನಲ್ಲೇ ಈ ಡ್ರೈವರ್ ಇರಬಹುದು. ಹಾಗಿದ್ದಾಗ ಡಿಸ್ಕ್‌ನಲ್ಲಿ ನೀವು ಬರೆದ ಹೊಸ ಸಾಲು ಆ ಗಂಟಿನೊಳಗೆ ಇರುವುದಿಲ್ಲ. ಆದ್ದರಿಂದ ಉಬುಂಟು, ಡೆಬಿಯನ್‌ಗಳಲ್ಲಿ ‘ಅಪ್‌ಡೇಟ್-ಇನಿಟ್‌ರಾಮ್‌ಎಫ್‌ಎಸ್ -ಯು’, ರೆಡ್ ಹ್ಯಾಟ್ ಬಳಗದಲ್ಲಿ ‘ಡ್ರಾಕಟ್ -ಎಫ್’ ಕೊಟ್ಟು ಗಂಟನ್ನು ಹೊಸದಾಗಿ ಕಟ್ಟಿಸಬೇಕು. ಡ್ರೈವರನ್ನು ಕರ್ನಲ್ ಒಳಗೇ ಸೇರಿಸಿ ಕಟ್ಟಿದ್ದರೆ ಈ ಕಡತ ಕೆಲಸಕ್ಕೆ ಬಾರದು. ಬೂಟ್ ಸಾಲಿನಲ್ಲಿ ಡ್ರೈವರ್ ಹೆಸರು, ಒಂದು ಚುಕ್ಕಿ, ಆಮೇಲೆ ಅದೇ ಆಯ್ಕೆ ಬರೆಯಬೇಕು. ಮತ್ತೆ, ದಯವಿಟ್ಟು, ಅದೇ ಕಾರ್ಡಿನ ಮೂಲಕ ದೂರದಿಂದ ಲಾಗಿನ್ ಆಗಿ ಕುಳಿತು ಡ್ರೈವರನ್ನು ತೆಗೆಯಬೇಡಿ, ಕುಳಿತ ಕೊಂಬೆಯನ್ನೇ ಕಡಿದಂತಾಗುತ್ತದೆ.

ಆಯ್ಕೆ ಹತ್ತಿದೆ ಎಂಬುದಕ್ಕೂ ಲಾಗ್‌ನಲ್ಲಿ ಗುರುತು ಸಿಗುತ್ತದೆ. ಪರೀಕ್ಷಿಸದ ಮಾಡ್ಯೂಲಿನಿಂದ ಏನಾದರೂ ಹಾನಿಯಾದರೆ ಕಂಪನಿ ಹೊಣೆಯಲ್ಲ ಎಂಬ ಎಚ್ಚರಿಕೆ ಅಲ್ಲಿ ಬರುತ್ತದೆ. ಅದು ಬಂತೆಂದರೆ ಬಾಗಿಲು ತೆರೆಯಿತು. ಆ ಎಚ್ಚರಿಕೆ ಪೂರ್ತಿ ಕುಂಟು ನೆಪವೇನೂ ಅಲ್ಲ ಎಂಬುದನ್ನೂ ಒಪ್ಪುತ್ತೇನೆ. ಕಳಪೆ ಲೇಸರ್‌ಗಳು ಮಾರುಕಟ್ಟೆಯಲ್ಲಿ ಧಾರಾಳವಾಗಿವೆ. ಹಾಗಾಗಿ ಪೋರ್ಟ್ ಎದ್ದ ಮೇಲೆ ‘ಈಥ್‌ಟೂಲ್ -ಎಂ’ ಕೊಟ್ಟು, ಮಾಡ್ಯೂಲಿನ ತಾಪಮಾನ, ಹೊರಡುವ ಮತ್ತು ಬರುವ ಬೆಳಕಿನ ಶಕ್ತಿಯನ್ನು ಬರೆದಿಟ್ಟುಕೊಳ್ಳುವುದು ಒಳ್ಳೆಯದು. ಬರುವ ಬೆಳಕು ತೀರ ಕಡಿಮೆಯಿದ್ದರೆ ಮೊದಲು ಫೈಬರಿನ ತುದಿ ಒರೆಸಿ. ದೂಳಿನಿಂದ ಆಗುವ ಕಾಟಕ್ಕೆ ಡ್ರೈವರನ್ನು ಬೈದು ಪ್ರಯೋಜನವಿಲ್ಲ. ತುದಿಯನ್ನು ಕಣ್ಣಿಗೆ ಹಿಡಿದು ಬೆಳಕು ಬರುತ್ತಿದೆಯೇ ಎಂದು ನೋಡುವ ಚಾಳಿಯನ್ನು ವಿದ್ಯಾರ್ಥಿಗಳಲ್ಲಿ ಕಂಡಿದ್ದೇನೆ. 850 ನ್ಯಾನೊಮೀಟರಿನ ಆ ಲೇಸರ್ ಕಣ್ಣಿಗೆ ಕಾಣುವಂಥದ್ದಲ್ಲ. ಕಾಣದಿದ್ದರೂ ಕಣ್ಣಿಗೆ ಅಪಾಯ.

ಈ ಆಯ್ಕೆ ತಯಾರಕರ ಹೆಸರನ್ನು ಬದಿಗಿಡುತ್ತದೆಯೇ ಹೊರತು ಭೌತಶಾಸ್ತ್ರವನ್ನಲ್ಲ. ಒಂದು ತುದಿಯಲ್ಲಿ ಹತ್ತಿರದ ಸಂಪರ್ಕಕ್ಕಿರುವ 850 ನ್ಯಾನೊಮೀಟರಿನ ಎಸ್‌ಆರ್, ಇನ್ನೊಂದರಲ್ಲಿ ದೂರಕ್ಕಿರುವ 1310ರ ಎಲ್‌ಆರ್ ಮಾಡ್ಯೂಲ್ ಹಾಕಿ ಕುಳಿತರೆ ಯಾವ ಕರ್ನಲ್ಲೂ ಸಹಾಯಕ್ಕೆ ಬಾರದು.

ಅಂತರ್ಜಾಲದಲ್ಲಿ ಕಂಡ ಸಾಲನ್ನೆಲ್ಲ ಹಾಗೆಯೇ ನಕಲು ಮಾಡುವವರಿಗೂ ಒಂದು ಮಾತು ಹೇಳಬೇಕು. ಇನ್ನೂ ಹಳೆಯದಾದ, 1 ಗಿಗಾಬಿಟ್‌ನ ಇಂಟೆಲ್ ಪ್ರೊ/1000 ಎಂಎಫ್ ಫೈಬರ್ ಕಾರ್ಡ್ ನಮ್ಮಂಥ ಲ್ಯಾಬ್‌ಗಳಲ್ಲಿ ಅಲ್ಲಲ್ಲಿ ಉಳಿದಿದೆ. ಅದರ ಡ್ರೈವರ್ ‘ಇ1000’. ಲಿಂಕ್ ಬರುತ್ತಿಲ್ಲ ಎಂದೊಡನೆ ‘ಸ್ಪೀಡ್’, ‘ಡ್ಯುಪ್ಲೆಕ್ಸ್’ ಆಯ್ಕೆಗಳನ್ನು ಬರೆಯಲು ಸಲಹೆ ಕೊಡುತ್ತಾರೆ. ಆ ಎರಡೂ ತಾಮ್ರದ ತಂತಿಯ ಕಾರ್ಡ್‌ಗಳಿಗಾಗಿ ಇರುವಂಥವು. ಫೈಬರ್ ಕಾರ್ಡಿಗೆ ಕೊಟ್ಟರೆ, ಇದು ಇಲ್ಲಿ ನಡೆಯದು, ಕಡೆಗಣಿಸಿದ್ದೇನೆ ಎಂದು ಡ್ರೈವರ್ ಲಾಗ್‌ನಲ್ಲಿ ಬರೆದು ಸುಮ್ಮನಾಗುತ್ತದೆ. ಅಲ್ಲಿ ನೋಡಬೇಕಾದದ್ದು ಎದುರಿನ ಸ್ವಿಚ್ಚನ್ನು. ಗಿಗಾಬಿಟ್ ಫೈಬರಿನಲ್ಲಿ ಆಟೊ ನೆಗೋಷಿಯೇಶನ್, ಅಂದರೆ ಎರಡು ತುದಿಗಳೂ ತಾವೇ ಮಾತಾಡಿ ಹೊಂದಿಕೊಳ್ಳುವ ವ್ಯವಸ್ಥೆ, ಎರಡೂ ಕಡೆ ಒಂದೇ ರೀತಿ ಇರಬೇಕು. ಸ್ವಿಚ್ಚಿನಲ್ಲಿ ಯಾರಾದರೂ ಅದನ್ನು ಆರಿಸಿಟ್ಟಿದ್ದರೆ, ಸ್ವಿಚ್ಚಿನ ಹಸಿರು ದೀಪ ಉರಿಯುತ್ತಲೇ ಇದ್ದು, ನಮ್ಮ ಕಡೆ ಮಾತ್ರ ಕತ್ತಲೆಯಾಗಿರಬಹುದು. ಇಂಥ ಹೊತ್ತಿನಲ್ಲೂ ಕೊನೆಗೆ ಕಂಡಂ ಆಗುವುದು ಪಾಪದ ಕಾರ್ಡೇ!

ಯಾವ ಡ್ರೈವರಿಗೆ ಯಾವ ಆಯ್ಕೆಗಳಿವೆ ಎಂದು ತಿಳಿಯಲು ಯಾರನ್ನೂ ಕೇಳಬೇಕಿಲ್ಲ. ‘ಮಾಡ್‌ಇನ್ಫೊ -ಪಿ’ ಎಂದು ಬರೆದು ಮುಂದೆ ಡ್ರೈವರ್ ಹೆಸರು ಕೊಟ್ಟರೆ ನಿಮ್ಮ ಯಂತ್ರದಲ್ಲಿರುವ ಆವೃತ್ತಿಯ ಪಟ್ಟಿಯೇ ಬರುತ್ತದೆ. ಕರ್ನಲ್‌ನೊಂದಿಗೆ ಬರುವ ಐಎಕ್ಸ್‌ಜಿಬಿಇಗೂ ಇಂಟೆಲ್ ಬೇರೆಯಾಗಿ ಕೊಡುವ ಐಎಕ್ಸ್‌ಜಿಬಿಇಗೂ ಆಯ್ಕೆಗಳಲ್ಲಿ ವ್ಯತ್ಯಾಸವಿದೆ. ಎರಡನೆಯದರಲ್ಲಿ ಒಂದೊಂದು ಪೋರ್ಟಿಗೂ ಅಲ್ಪವಿರಾಮ ಹಾಕಿ ಬೇರೆ ಬೇರೆ ಮೌಲ್ಯ ಕೊಡಬೇಕು.

ಎಲ್ಲ ಹಳೆಯದನ್ನೂ ಬಾಚಿ ಇಟ್ಟುಕೊಳ್ಳಿ ಎಂದು ನಾನು ಹೇಳುತ್ತಿಲ್ಲ. 100 ಮೆಗಾಬಿಟ್‌ನ ಎಫ್‌ಡಿಡಿಐ ಉಂಗುರ ಜಾಲದ ಕಾರ್ಡ್‌ಗಳಿಗೆ ಲಿನಕ್ಸ್‌ನಲ್ಲಿ ಡ್ರೈವರ್ ಇದೆಯೆಂದು ಅವುಗಳನ್ನು ಹಿಡಿದು ಕುಳಿತರೆ ಅದು ವಸ್ತುಸಂಗ್ರಹಾಲಯದ ಕೆಲಸ. 10 ಗಿಗಾಬಿಟ್ ಹಾಗಲ್ಲ. ಲ್ಯಾಬಿನ ಸ್ಟೋರೇಜ್ ಸರ್ವರ್‌ಗೆ, ವಿದ್ಯಾರ್ಥಿಗಳ ಪ್ರಾಜೆಕ್ಟ್‌ಗೆ ಅದು ಇಂದಿಗೂ ಬೇಕಾದಷ್ಟಾಯಿತು. ಚೀಟಿ ಕಿತ್ತ ನಮ್ಮ ಎಕ್ಸ್520 ಈಗ ಬ್ಯಾಕಪ್ ಯಂತ್ರದಲ್ಲಿದೆ.

ದೇಶದಲ್ಲಿ 2023ರ ಏಪ್ರಿಲ್ 1ರಿಂದ ಹೊಸ ಇ-ತ್ಯಾಜ್ಯ ನಿಯಮಗಳು ಜಾರಿಯಲ್ಲಿವೆ. ತ್ಯಾಜ್ಯವಾದ ಮೇಲೆ ಅದು ಯಾರ ಕೈಗೆ ಹೋಗಬೇಕು ಎಂಬ ಬಗ್ಗೆ ಸಾಕಷ್ಟು ಮಾತಾಗಿದೆ. ಅದು ತ್ಯಾಜ್ಯ ಎಂದು ಮೊದಲು ನಿರ್ಧರಿಸುವುದು ಮಾತ್ರ ದಾಸ್ತಾನು ಪರಿಶೀಲನಾ ಸಮಿತಿ, ಅದೂ ಒಂದು ಮಧ್ಯಾಹ್ನದಲ್ಲಿ, ಯಂತ್ರಕ್ಕೆ ವಿದ್ಯುತ್ ಕೂಡ ಕೊಡದೆ. ಸಮಿತಿಯ ನಮೂನೆಯಲ್ಲಿ ‘ಕೊಂಡ ವರ್ಷ’, ‘ಮೂಲ ಬೆಲೆ’, ‘ಸ್ಥಿತಿ’ ಎಂಬ ಕಲಂಗಳಿರುತ್ತವೆ. ‘ಪರೀಕ್ಷಿಸಿದ ಬಗೆ’ ಎಂದು ಇನ್ನೊಂದು ಕಲಂ ಸೇರಿಸಿ, ನೆಟ್‌ವರ್ಕ್ ಕಾರ್ಡ್‌ಗಳ ಮಟ್ಟಿಗಾದರೂ ಕರ್ನಲ್ ಲಾಗ್‌ನಲ್ಲಿ ಆ ಕಾರ್ಡಿನ ಬಗ್ಗೆ ಇರುವ ಸಾಲುಗಳನ್ನು ಮುದ್ರಿಸಿ ಲಗತ್ತಿಸುವುದನ್ನು ಕಡ್ಡಾಯ ಮಾಡಲಿ. ಕಾಲೇಜು ಶಿಕ್ಷಣ ಮತ್ತು ತಾಂತ್ರಿಕ ಶಿಕ್ಷಣ ಇಲಾಖೆಗಳು ಒಂದು ಸುತ್ತೋಲೆ ಹೊರಡಿಸಿದರೆ ಸಾಕು. ಇದಕ್ಕೆ ಅನುದಾನವೇನೂ ಬೇಕಿಲ್ಲ.

— ಲ್ಯಾಬ್ ಇನ್‌ಸ್ಟ್ರಕ್ಟರ್, ದಾವಣಗೆರೆ