ವಾಂತಿ ನಿಂತಿದೆ ಕಣೋ

ಗೆಳೆಯಾ,

ಫೋನಿನಲ್ಲೇ ಹೇಳಬಹುದಿತ್ತು. ಆದರೆ ನೀನು ಮಧ್ಯೆ ಬಾಯಿ ಹಾಕುತ್ತೀಯ, ನಾನು ನಗುತ್ತೇನೆ, ಹೇಳಬೇಕಾದ್ದು ಗಂಟಲಲ್ಲೇ ಉಳಿಯುತ್ತದೆ. ಅದಕ್ಕೇ ಇಲ್ಲಿ, ಎಲ್ಲರ ಎದುರಿಗೇ ಬರೆಯುತ್ತಿದ್ದೇನೆ. ಉಳಿದವರೂ ಓದಿಕೊಳ್ಳಲಿ, ಬೇಜಾರಿಲ್ಲ. ಕೆಂಪು ಛತ್ರಿಯ ವಿಷಯ ಮಾತ್ರ ಕಾಮೆಂಟಿನಲ್ಲಿ ಎತ್ತಬೇಡ.

ಬಸಿರಿಗೆ ಈಗ 15ನೇ ವಾರ. ಮೂರು ತಿಂಗಳು ದಾಟಿತಲ್ಲ, ಇನ್ನೇನು ಆರಾಮ ಅಂತ ಎಲ್ಲರದ್ದೂ ಒಂದೇ ಮಾತು. ನಿಜ, ವಾಂತಿ ನಿಂತಿದೆ. ಒಂದು ಬೆಳಿಗ್ಗೆ ಎದ್ದು ಹಲ್ಲುಜ್ಜಿದೆ, ಹೊಟ್ಟೆ ತೆಪ್ಪಗಿತ್ತು. ಖುಷಿಯಾಗಬೇಕಿತ್ತು ಅಲ್ವಾ? ನನ್ನ ಕೈಕಾಲು ತಣ್ಣಗಾಯಿತು.

ಯಾಕೆಂದರೆ ಒಳಗೊಂದು ಮಗು ಇದೆ ಅನ್ನೋದಕ್ಕೆ ನನ್ನ ಹತ್ತಿರ ದಿನಾ ಇದ್ದ ಸಾಕ್ಷಿ ಆ ವಾಂತಿ ಒಂದೇ. ಹೊಟ್ಟೆ ಇನ್ನೂ ಕಾಣುವಷ್ಟು ಬಂದಿಲ್ಲ. ಮಗು ಮಿಸುಕಾಡುವುದು ತಾಯಿಗೆ ಗೊತ್ತಾಗುವುದು ಸಾಮಾನ್ಯವಾಗಿ 16ರಿಂದ 20 ವಾರದೊಳಗೆ. ಮೊದಲ ಬಸಿರಾದರೆ ಇನ್ನೂ ನಿಧಾನ, ಮಾಸು (ಪ್ಲಾಸೆಂಟಾ) ಗರ್ಭಕೋಶದ ಮುಂಭಾಗಕ್ಕೆ ಅಂಟಿಕೊಂಡಿದ್ದರೆ ಮತ್ತೂ ನಿಧಾನ. ಅಲ್ಲಿಯವರೆಗೆ ಒಳಗಿನಿಂದ ಯಾವ ಸುದ್ದಿಯೂ ಇಲ್ಲ. ಈ ಮಧ್ಯದ ವಾರಗಳ ಬಗ್ಗೆ ಯಾರೂ ಹೇಳಿರಲಿಲ್ಲ.

ಡಾಕ್ಟರಿಗೆ ಇದು ಹೊಸದಲ್ಲ. ಎಚ್‌ಸಿಜಿ ಅನ್ನೋ ಹಾರ್ಮೋನ್ 10ನೇ ವಾರದ ಸುಮಾರಿಗೆ ಗರಿಷ್ಠಕ್ಕೆ ಹೋಗಿ ಆಮೇಲೆ ಇಳಿಯುತ್ತದಂತೆ, ಅದರ ಜೊತೆ ವಾಂತಿಯೂ ಕಡಿಮೆಯಾಗುವುದು ಮಾಮೂಲಂತೆ. ಆಮೇಲೆ ಡಾಪ್ಲರ್ ಇಟ್ಟು ಎದೆಬಡಿತ ಕೇಳಿಸಿದರು. ನಿಮಿಷಕ್ಕೆ 150ರ ಆಸುಪಾಸು. ಆ ಸಮಾಧಾನ ಮನೆ ಮುಟ್ಟುವವರೆಗೆ ಬಾಳಿಕೆ ಬಂತು.

ನನಗೇನೂ ಗೊತ್ತಾಗದಿದ್ದರೂ ಅದು ಒಳಗೆ ಭಾರೀ ಬ್ಯುಸಿ. ತಲೆಯಿಂದ ಕುಂಡೆಯವರೆಗೆ ಸುಮಾರು 10 ಸೆಂಟಿಮೀಟರ್. ಕಣ್ಣೆವೆ ಅಂಟಿಕೊಂಡೇ ಇದೆ, ಅದು ತೆರೆಯಲು ಇನ್ನೂ ತಿಂಗಳುಗಳು ಬೇಕು. ಸುತ್ತಲಿನ ನೀರು ಕುಡಿಯುತ್ತದೆ, ಅದೇ ನೀರಿಗೆ ಉಚ್ಚೆ ಹೊಯ್ಯುತ್ತದೆ, ಮತ್ತೆ ಅದನ್ನೇ ಕುಡಿಯುತ್ತದೆ. (ಯಾರ ನೆನಪಾಯಿತು ಅಂತ ಇಲ್ಲಿ ಹೇಳಲ್ಲ.) ಮೈಮೇಲೆ ನವಿರು ಕೂದಲು ಬರುತ್ತಿದೆ. ಬೆರಳ ತುದಿಯ ಗೆರೆಗಳು ಮೂಡುವುದೂ ಈ ವಾರಗಳಲ್ಲೇ. ಯೋಚನೆ ಮಾಡು, ಮುಂದೆ ಜೀವನಪೂರ್ತಿ ಬದಲಾಗದ ಗುರುತು ನನ್ನೊಳಗೆ ತಯಾರಾಗುತ್ತಿದೆ, ನಾನು ಮಾತ್ರ ಸೋಫಾ ಮೇಲೆ ಕೂತು ವಾಂತಿ ವಾಪಸ್ ಬರಲಿ ಅಂತ ಕಾಯುತ್ತಿದ್ದೇನೆ.

ಬಡಿತ ಕೇಳಿಸಿದಾಗ ನನ್ನ ಗಂಡ ಕಣ್ಣೊರೆಸಿಕೊಂಡ. ನಾನು ಫ್ಯಾನ್ ನೋಡುತ್ತಾ ಮಲಗಿದ್ದೆ. ಪ್ರೀತಿ ಉಕ್ಕಲಿಲ್ಲ ಕಣೋ. ಭಯ ಸ್ವಲ್ಪ ಇಳಿಯಿತು, ಅಷ್ಟೇ. 'ಪಾಪು ಹೇಗಿದೆ' ಅಂತ ಕೇಳಿದರೆ, ಪಕ್ಕದ ಮನೆಗೆ ಹೊಸದಾಗಿ ಬಂದವರ ಬಗ್ಗೆ ಕೇಳಿದ ಹಾಗೆ ಆಗುತ್ತದೆ, ಇದ್ದಾರಂತೆ, ನಾನಿನ್ನೂ ನೋಡಿಲ್ಲ. ನೀನು ಹೇಗಿದ್ದೀಯ ಅಂತ ಕೇಳುವವರು ಕಡಿಮೆ. ಕೆಲವು ರಾತ್ರಿ ಇದೆಲ್ಲ ನನಗೆ ಬೇಕಿತ್ತಾ ಅನ್ನಿಸಿ, ಹಾಗೆ ಅನ್ನಿಸಿತಲ್ಲ ಅಂತ ಹೆದರಿ, ಬಾತ್‌ರೂಮಿನಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತಿದ್ದೇನೆ. ಅವನಿಗೆ ಕೇಳಿಸದಿರಲಿ ಅಂತ. ಈಗ ಅವನೂ ಇದನ್ನು ಓದುತ್ತಾನೆ. ಓದಲಿ.

ಡಾಕ್ಟರಿಗೂ ಹೇಳಿದೆ. ಅವರು 'ಪಾಸಿಟಿವ್ ಆಗಿರಿ' ಅನ್ನಲಿಲ್ಲ, ಪುಣ್ಯ. ನಿದ್ದೆ ಹೇಗಿದೆ, ಹಸಿವು ಹೇಗಿದೆ, ಮೊದಲು ಇಷ್ಟವಾಗುತ್ತಿದ್ದದ್ದು ಈಗಲೂ ಇಷ್ಟವಾಗುತ್ತದಾ ಅಂತ ಒಂದೊಂದಾಗಿ ಕೇಳಿದರು. ಎರಡು ವಾರ ಬಿಡದೆ ಮಂಕಾಗಿದ್ದರೆ ಸಹಿಸಿಕೊಂಡು ಕೂರಬೇಡಿ, ಬನ್ನಿ ಅಂದರು. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಬಸುರಿಯರಲ್ಲಿ ಸುಮಾರು 10 ಶೇಕಡಾ ಮಂದಿಗೆ ಮಾನಸಿಕ ತೊಂದರೆ ಇರುತ್ತದೆ, ಹೆಚ್ಚಾಗಿ ಖಿನ್ನತೆ. ಹತ್ತರಲ್ಲಿ ಒಬ್ಬಳು. ನಾನು ಆ ಒಬ್ಬಳಾ, ಉಳಿದ ಒಂಬತ್ತರಲ್ಲಿ ಒಬ್ಬಳಾ, ಇನ್ನೂ ಗೊತ್ತಿಲ್ಲ. ಮುಂದಿನ ವಾರ ಮತ್ತೆ ಹೋಗುತ್ತಿದ್ದೇನೆ.

ಅಯ್ಯೋ, ಜಾಸ್ತಿ ಆಯ್ತು. ಇಷ್ಟೆಲ್ಲ ಬರೆಯಬೇಕು ಅಂತ ಶುರು ಮಾಡಿರಲಿಲ್ಲ. ಹಾರ್ಮೋನಿನ ತಲೆಗೆ ಕಟ್ಟಿಬಿಡು.

ಬೇರೆ ಸುದ್ದಿ: ಮೈಯಲ್ಲಿ ರಕ್ತ ಹೆಚ್ಚುತ್ತದೆ, ಮೂಗಿನ ಒಳಗೆಲ್ಲ ಊತ, ಹಾಗಾಗಿ ಗೊರಕೆಯಲ್ಲಿ ನಾನು ನಿನ್ನನ್ನೂ ಮೀರಿಸಿದ್ದೇನೆ. ಹಲ್ಲುಜ್ಜಿದರೆ ಒಸಡಲ್ಲಿ ರಕ್ತ. ಕಬ್ಬಿಣದ ಮಾತ್ರೆಯಿಂದ ಮಲಬದ್ಧತೆ. ಈ ಪತ್ರ ಇಷ್ಟು ಉದ್ದ ಆಗಿರುವುದಕ್ಕೂ, ಇದನ್ನು ಎಲ್ಲಿ ಕೂತು ಬರೆದೆ ಅನ್ನೋದಕ್ಕೂ ಆ ಮಾತ್ರೆಯೇ ಕಾರಣ. ದೊಡ್ಡ ಸ್ಕ್ಯಾನ್ 20ನೇ ವಾರದ ಹತ್ತಿರ. ಫೋಟೋ ಹಾಕುತ್ತೇನೆ. ಅದರ ಕೆಳಗೆ 'ಮೂಗು ನಿನ್ನದೇ' ಅಂತ ಬರೆದೆಯೋ, ಬ್ಲಾಕ್ ಮಾಡುತ್ತೇನೆ.

ಇಂತಿ,
ನಿನ್ನ ಬಸುರಿ ಗೆಳತಿ