ಕಾರ್ಲಿನ್ ಆಗ್ತೀನಿ ಅಂದ ಗೆಳೆಯನಿಗೊಂದು ಪತ್ರ

ಲೋ ಗೆಳೆಯಾ,

ನಿನ್ನ ವಾಯ್ಸ್ ನೋಟ್ ಪೂರ್ತಿ ಕೇಳಿದೆ. ಅಪಾರ್ಟ್‌ಮೆಂಟುಗಳ ರಾಜ್ಯೋತ್ಸವ, ಕಂಪನಿಗಳ ಆನ್ಯುಯಲ್ ಡೇ, ಎಲ್ಲಿ ಹೋದರೂ ಅದೇ ಅತ್ತೆ-ಸೊಸೆ, ಅದೇ ಮ್ಯಾನೇಜರ್, ಅದೇ ಧಾರವಾಡ-ಕುಂದಾಪುರ ಮಿಮಿಕ್ರಿ. ಜನ ನಗುತ್ತಾರೆ. ಪೇಮೆಂಟೂ ಬರುತ್ತದೆ. ನಿನಗೆ ಮಾತ್ರ ಸಾಕಾಗಿದೆ. ಇಲ್ಲಿಯವರೆಗೆ ನನ್ನದೇನೂ ತಕರಾರಿಲ್ಲ. ಆದರೆ ಕೊನೆಯಲ್ಲಿ "ಇನ್ಮೇಲೆ ನಾನೂ ಜಾರ್ಜ್ ಕಾರ್ಲಿನ್ ಥರ, ಬಾಯಿಗೆ ಬೀಗ ಇಲ್ಲ, ಬೈಗುಳ ಹಾಕ್ಕೊಂಡೇ ಮಾತಾಡ್ತೀನಿ" ಅಂತ ಆ ಅಮೆರಿಕದ ಸ್ಟ್ಯಾಂಡಪ್ ಕಮೆಡಿಯನ್ ಹೆಸರು ಎತ್ತಿದೆಯಲ್ಲ, ಅದಕ್ಕೇ ಈ ಪತ್ರ. ವಾಟ್ಸಾಪಿನಲ್ಲಿ ಶುರು ಮಾಡಿದರೆ ಜಗಳವಾಗುತ್ತೆ. ಸ್ಟೇಜ್ ಹತ್ತುವ ಬೇರೆ ಹುಡುಗರೂ ಓದಲಿ ಅಂತ ಎಲ್ಲರಿಗೂ ಕಾಣುವ ಹಾಗೆ ಹಾಕುತ್ತಿದ್ದೇನೆ. ನಿನ್ನ ಹೆಸರು ಬರೆದಿಲ್ಲ, ಹೆದರಬೇಡ.

ರೀಲ್ಸಿನಲ್ಲಿ ನೀನು ನೋಡಿರುವುದು ಬಿಳಿ ಗಡ್ಡದ, ಕಪ್ಪು ಬಟ್ಟೆಯ ಮುದುಕನನ್ನು. ದೇವರು, ಸರ್ಕಾರ, ಗಾಲ್ಫ್ ಆಡುವ ಶ್ರೀಮಂತರು, ಯಾರನ್ನೂ ಬಿಡದೆ ಝಾಡಿಸುವವನು. ಅದು ಐವತ್ತು ದಾಟಿದ ಕಾರ್ಲಿನ್. ಮೂವತ್ತರ ಕಾರ್ಲಿನ್‌ನನ್ನು ಒಮ್ಮೆ ನೋಡು, ಯೂಟ್ಯೂಬಿನಲ್ಲಿ ಸಿಗುತ್ತಾನೆ. ಸೂಟು, ಸಣ್ಣ ಟೈ, ನುಣ್ಣಗೆ ಶೇವ್ ಮಾಡಿದ ಮುಖ, ಒಂದು ಕೂದಲೂ ಆಚೀಚೆ ಹೋಗದ ಕ್ರಾಪು. ಎಡ್ ಸುಲಿವನ್ ಶೋನಂಥ ಮನೆಮಂದಿಯೆಲ್ಲ ಕೂತು ನೋಡುವ ಟಿವಿ ಕಾರ್ಯಕ್ರಮಗಳಲ್ಲಿ ಬರುತ್ತಿದ್ದ. ಅಮಲಿನಲ್ಲಿ ತೇಲುತ್ತಾ ಹವಾಮಾನ ವರದಿ ಓದುವವನು, ಉಸಿರು ಬಿಡದೆ ಬಡಬಡಿಸುವ ರೇಡಿಯೋ ಜಾಕಿ, ಜಾಹೀರಾತುಗಳ ಅಣಕ, ಇವೇ ಅವನ ಐಟಂಗಳು. ಅಂದರೆ ಈಗ ನೀನು ಮಾಡುತ್ತಿರೋದೇ, ಊರು ಮಾತ್ರ ಬೇರೆ. 1967ರ ಅವನ ಆಲ್ಬಮ್ ಗ್ರ್ಯಾಮಿಗೆ ನಾಮಿನೇಟ್ ಕೂಡ ಆಯ್ತು. ಲಾಸ್ ವೇಗಸ್‌ನ ಫ್ರಾಂಟಿಯರ್ ಹೋಟೆಲಿನಲ್ಲಿ ಒಳ್ಳೇ ದುಡ್ಡಿನ ಕಾಂಟ್ರಾಕ್ಟು. ಯಾವ ಕೊರತೆಯೂ ಇರಲಿಲ್ಲ.

ಆದರೆ ಅವನು ಅಂಥ ಮನುಷ್ಯನೇ ಅಲ್ಲ. ಹುಟ್ಟಿದ್ದು 1937ರಲ್ಲಿ, ನ್ಯೂಯಾರ್ಕಿನಲ್ಲಿ. ಅಪ್ಪ ವಿಪರೀತ ಕುಡುಕ, ಮಗು ಎರಡು ತಿಂಗಳಿದ್ದಾಗಲೇ ಅಮ್ಮ ಗಂಡನನ್ನು ಬಿಟ್ಟು ಬಂದಳು. ಆಕೆ ಆಫೀಸಿನಲ್ಲಿ ಸೆಕ್ರೆಟರಿ ಕೆಲಸ ಮಾಡಿ ಗಂಡುಮಕ್ಕಳಿಬ್ಬರನ್ನು ಸಾಕಿದಳು. ಹುಡುಗ ಬೆಳೆದದ್ದು ಮ್ಯಾನ್‌ಹಟನ್‌ನ 121ನೇ ಬೀದಿಯಲ್ಲಿ, ಹೈಸ್ಕೂಲಿನಿಂದ ಹೊರಗೆ ಹಾಕಿಸಿಕೊಂಡ. ವಾಯುಪಡೆ ಸೇರಿ ರಾಡಾರ್ ಟೆಕ್ನಿಷಿಯನ್ ಆದ. ಅಲ್ಲಿ ಮೂರು ಸಲ ಕೋರ್ಟ್ ಮಾರ್ಷಲ್. ಇವನಿಂದ ನಮಗೇನೂ ಉಪಯೋಗವಿಲ್ಲ ಅಂತ 1957ರಲ್ಲಿ ಮನೆಗೆ ಕಳಿಸಿದರು. ವಾಯುಪಡೆಯಲ್ಲಿದ್ದಾಗಲೇ ಪಕ್ಕದ ಊರಿನ ರೇಡಿಯೋದಲ್ಲಿ ಜಾಕಿ ಆಗಿದ್ದ, ಹಾಗಾಗಿ ಬಾಯಿ ಪಳಗಿತ್ತು. ಜ್ಯಾಕ್ ಬರ್ನ್ಸ್ ಅನ್ನುವವನ ಜೊತೆ ಜೋಡಿಯಾಗಿ ಕಾಮಿಡಿ ಶುರು ಮಾಡಿ, 1962ರ ಹೊತ್ತಿಗೆ ಒಬ್ಬನೇ ಆದ.

ಅದೇ 1962ರ ಡಿಸೆಂಬರಿನಲ್ಲಿ ಶಿಕಾಗೋದ ಒಂದು ಕ್ಲಬ್ಬಿಗೆ ಲೆನ್ನಿ ಬ್ರೂಸ್ ಅನ್ನುವ ಕಮೆಡಿಯನ್ನನ ಶೋ ನೋಡಲು ಹೋಗಿದ್ದ. ಬ್ರೂಸ್ ಆಗಿನ ಕಾಲಕ್ಕೆ ದೊಡ್ಡ ತಲೆನೋವಿನ ಆಸಾಮಿ. ಅಶ್ಲೀಲ ಮಾತಾಡಿದ ಅಂತ ಪೊಲೀಸರು ಅವನನ್ನು ಸ್ಟೇಜಿನಿಂದಲೇ ಎತ್ತಿಕೊಂಡು ಹೋದರು. ಜೊತೆಗೆ ಪ್ರೇಕ್ಷಕರ ಗುರುತಿನ ಚೀಟಿ ಕೇಳುತ್ತಾ ಬಂದರು. ಕಾರ್ಲಿನ್ ಚೆನ್ನಾಗಿ ಕುಡಿದಿದ್ದ. ಗುರುತಿನ ಚೀಟಿಯಲ್ಲೆಲ್ಲ ನನಗೆ ನಂಬಿಕೆಯಿಲ್ಲ ಅಂದುಬಿಟ್ಟ. ಅವನನ್ನೂ ಕುತ್ತಿಗೆ ಹಿಡಿದು ಅದೇ ವ್ಯಾನಿಗೆ ತುಂಬಿದರು. ಇಷ್ಟಾದರೂ ಮುಂದಿನ ಏಳೆಂಟು ವರ್ಷ ಟೈ ಕಟ್ಟಿಕೊಂಡು ಹವಾಮಾನ ವರದಿಯನ್ನೇ ಓದಿದ, ನೋಡು. ಗುರು ಯಾರು ಅಂತ ಗೊತ್ತಿದ್ದರೂ ಸಿನಿಮಾ ನಟ ಆಗಬೇಕು ಅನ್ನುವ ಆಸೆ ಅವನಿಗೆ. ಅದಕ್ಕೆ ಒಳ್ಳೇ ಹುಡುಗ ಅನ್ನಿಸಿಕೊಳ್ಳಬೇಕಿತ್ತು. ನಾನು ಯಾರ ಪರವಾಗಿದ್ದೆನೋ ಆ ಹುಡುಗರ ಅಪ್ಪ-ಅಮ್ಮಂದಿರನ್ನು ನಗಿಸುತ್ತಿದ್ದೆ ಅಂತ ಆಮೇಲೆ ಅವನೇ ಹೇಳಿಕೊಂಡಿದ್ದಾನೆ.

1970ರ ಸುಮಾರಿಗೆ ತಡೆಯಲಾಗಲಿಲ್ಲ. ಫ್ರಾಂಟಿಯರ್‌ನವರು ಒಂದು ಕೆಟ್ಟ ಪದ ಬಂತು ಅಂತ ಕಾಂಟ್ರಾಕ್ಟು ಮುಗಿಸಿದರು. ಅದೇ ವರ್ಷ ವಿಸ್ಕಾನ್ಸಿನ್‌ನ ಲೇಕ್ ಜಿನೀವಾದಲ್ಲಿರುವ ಪ್ಲೇಬಾಯ್ ಕ್ಲಬ್ಬಿನಲ್ಲಿ ಜನ ಎಷ್ಟು ರೊಚ್ಚಿಗೆದ್ದರು ಅಂದರೆ, ನಿಮಗೆ ಇಲ್ಲಿ ಏನಾದರೂ ಆದರೆ ನಾವು ಜವಾಬ್ದಾರರಲ್ಲ ಅಂತ ಆಡಳಿತದವರೇ ಹೇಳಿದರು. ಬೆತ್ತಲೆ ಚಿತ್ರದ ಪತ್ರಿಕೆಯವರ ಕ್ಲಬ್ಬಿನಲ್ಲಿ ಸಭ್ಯತೆಯ ಪ್ರಶ್ನೆ! ಗಡ್ಡ, ಕೂದಲು ಬಿಟ್ಟ. ಟೈ ಹೋಗಿ ಜೀನ್ಸ್ ಬಂತು. ಹೋಟೆಲುಗಳ ದುಡ್ಡು ಬಿಟ್ಟು ಕಾಲೇಜು, ಕಾಫಿ ಹೌಸುಗಳಿಗೆ ಹೋದ. ಆದಾಯ ಧಡಕ್ಕಂತ ಇಳಿಯಿತು.

ನಿನಗೆ ಹೇಳಬೇಕಾದ್ದು ಇಲ್ಲಿದೆ. 1972ರ ಶುರುವಿನಲ್ಲಿ ಅವನ ಹೊಸ ರೆಕಾರ್ಡ್ ಬಂತು, ಹೆಸರು 'ಎಫ್‌ಎಂ ಆಂಡ್ ಎಎಂ'. ಎಲ್‌ಪಿಯ ಒಂದು ಮಗ್ಗುಲಲ್ಲಿ ಹೊಸ ಕಾರ್ಲಿನ್, ತಿರುಗಿಸಿ ಹಾಕಿದರೆ ಹಳೇ ಕಾರ್ಲಿನ್, ಅದೇ ರೇಡಿಯೋ-ಟಿವಿ ಅಣಕಗಳು. ಹಳೆಯದನ್ನು ಸುಟ್ಟು ಬೂದಿ ಮಾಡಿ ಹೊಸಬನಾಗಲಿಲ್ಲ ಅವನು. ಎರಡನ್ನೂ ಒಂದೇ ತಟ್ಟೆಯಲ್ಲಿ ಇಟ್ಟು ಜನರ ಮುಂದೆ ತಳ್ಳಿದ. ಅದಕ್ಕೆ ಗ್ರ್ಯಾಮಿಯೂ ಬಂತು.

ಅದೇ ವರ್ಷ 'ಕ್ಲಾಸ್ ಕ್ಲೌನ್' ಬಂತು. ಟಿವಿಯಲ್ಲಿ ಎಂದೂ ಹೇಳಬಾರದ ಏಳು ಪದಗಳ ಐಟಂ ಅದರ ಕೊನೆಯಲ್ಲಿದೆ. ಎಲ್ಲರಿಗೂ ನೆನಪಿರುವುದು ಅದೊಂದೇ. ನಿನ್ನ ವಾಯ್ಸ್ ನೋಟಿನಲ್ಲೂ ಅದೇ ಬಂತು. ಉಳಿದ ಆಲ್ಬಮ್ ಕೇಳಿದ್ದೀಯಾ? ಇಸ್ಕೂಲು ಕಣೋ ಅದು ಬಹುಪಾಲು. ಹಿಂದಿನ ಬೆಂಚಿನಲ್ಲಿ ಕೂತು ಬಾಯಲ್ಲಿ, ಕೈಯಲ್ಲಿ ಏನೇನು ಶಬ್ದ ಹೊರಡಿಸಬಹುದು, ಪಾದ್ರಿಯ ಹತ್ತಿರ ತಪ್ಪೊಪ್ಪಿಗೆಗೆ ಹೋಗುವಾಗ ಯಾವ ಪಾದ್ರಿಯ ಸಾಲು ಉದ್ದ ಇರುತ್ತೆ, ಇಂಥವೇ. ಮುಂದಿನ ವರ್ಷದ ಆಲ್ಬಮಿನಲ್ಲಿ 121ನೇ ಬೀದಿ, ಅಲ್ಲಿಯ ಐರಿಶ್ ಹುಡುಗರು, ಅವರು ಪಕ್ಕದ ಹಾರ್ಲೆಮ್ ಅನ್ನುವ ಕಪ್ಪು ಜನರ ಬಡಾವಣೆಯಿಂದ ಕಲಿತ ನಡಿಗೆ, ಮಾತು. ಅವನು ಬೈಗುಳ ಕಲಿತದ್ದೂ ಆ ಬೀದಿಯಲ್ಲೇ, ಬಳಸಿದ್ದೂ ಆ ಬೀದಿಯ ಹುಡುಗನಾಗಿಯೇ. ಬೀದಿಯನ್ನು ಬಿಟ್ಟು ಬರೀ ಬೈಗುಳ ತಗೊಂಡರೆ ಅದು ಇನ್ನೊಂದು ಮಿಮಿಕ್ರಿ ಅಷ್ಟೆ. ಆ ಏಳು ಪದಗಳ ಐಟಂನಲ್ಲಿ ಅವನು ಯಾರನ್ನೂ ಬೈಯುವುದೂ ಇಲ್ಲ. ಒಂದೊಂದೇ ಪದ ಎತ್ತಿಕೊಂಡು ವ್ಯಾಕರಣದ ಮೇಷ್ಟ್ರ ಹಾಗೆ ವಿಚಾರಿಸುತ್ತಾನೆ.

ಮಿಲ್ವಾಕಿ ಅನ್ನುವ ಊರಿನ ಕತೆ ನಿನಗೆ ಗೊತ್ತಿರಬಹುದು, ಆದರೂ ಹೇಳುತ್ತೇನೆ. 1972ರ ಜುಲೈ 21, ಸಮ್ಮರ್‌ಫೆಸ್ಟ್ ಅನ್ನುವ ಜಾತ್ರೆ, ಬಯಲು ಸ್ಟೇಜ್. ಏಳು ಪದ ನಡೀತಿದೆ. ಹೆಂಡತಿ ಬ್ರೆಂಡಾ ಒಂದು ಲೋಟ ನೀರು ಹಿಡಿದು ಸ್ಟೇಜಿಗೇ ನಡೆದು ಬಂದಳು. ಜನ ಅಂದುಕೊಂಡದ್ದು ಗಂಡನಿಗೆ ಬಾಯಾರಿದೆ ಅಂತ. ಅವಳು ಕಿವಿಯಲ್ಲಿ ಹೇಳಿದ್ದು ಪೊಲೀಸರು ಕಾಯ್ತಿದ್ದಾರೆ, ಇಳಿಯೋದಾದರೆ ಈ ಕಡೆಯಿಂದ ಇಳಿ ಅಂತ. ಜೇಬಿನಲ್ಲಿ ಕೊಕೇನ್ ಇತ್ತು. ಅದನ್ನು ಹೇಗೋ ದಾಟಿಸಿದರು. ಬೈಗುಳಕ್ಕೆ ಅರೆಸ್ಟ್ ಆಯಿತು, ಡಿಸೆಂಬರಿನಲ್ಲಿ ಜಡ್ಜ್ ಕೇಸು ವಜಾ ಮಾಡಿದರು. (ನಮ್ಮ ಕಡೆ ಇಷ್ಟು ಸಲೀಸು ಅಂದುಕೊಳ್ಳಬೇಡ. ಸ್ಟ್ಯಾಂಡಪ್ ಕಮೆಡಿಯನ್ ಮುನವ್ವರ್ ಫಾರೂಕಿ 2021ರಲ್ಲಿ ಇಂದೋರಿನಲ್ಲಿ ತಿಂಗಳ ಮೇಲೆ ಜೈಲಲ್ಲಿದ್ದ. ಅದೇ ವರ್ಷ ನವೆಂಬರಿನಲ್ಲಿ ನಮ್ಮ ಬೆಂಗಳೂರಿನಲ್ಲಿ ಅವನ ಶೋನೂ ರದ್ದಾಯಿತು.) ಆಮೇಲೆ 1973ರಲ್ಲಿ ನ್ಯೂಯಾರ್ಕಿನ ಒಂದು ರೇಡಿಯೋ ಇಂಥದ್ದೇ ಐಟಂ ಮಧ್ಯಾಹ್ನ ಹಾಕಿ, ದೂರು ಹೋಗಿ, 1978ರಲ್ಲಿ ಸುಪ್ರೀಂ ಕೋರ್ಟಿನವರೆಗೂ ಹೋಯಿತು. ರೇಡಿಯೋದವರು 5-4ರಲ್ಲಿ ಸೋತರು. ಕಾನೂನು ಓದುವ ಹುಡುಗರು ಈಗಲೂ ಆ ಕೇಸು ಓದುತ್ತಾರೆ.

ಇಲ್ಲಿಗೆ ನಿಲ್ಲಿಸಿದರೆ ಸಿನಿಮಾ ಕತೆ ಆಗುತ್ತೆ. ಮನೆಯೊಳಗೆ ಏನಾಗುತ್ತಿತ್ತು ಅನ್ನೋದನ್ನೂ ಕೇಳು. ಇವನಿಗೆ ಕೊಕೇನ್, ಬ್ರೆಂಡಾಗೆ ಕುಡಿತ. ಹವಾಯಿಗೆ ರಜೆ ಕಳೆಯಲು ಹೋದಾಗ ಗಂಡ-ಹೆಂಡತಿಯ ಜಗಳ ವಿಕೋಪಕ್ಕೆ ಹೋಯಿತು. ಮಗಳು ಕೆಲ್ಲಿ ಆಗಿನ್ನೂ ಚಿಕ್ಕವಳು. ಅವಳು ಕಾಗದ ತಗೊಂಡು ಒಂದು ಒಪ್ಪಂದ ಬರೆದಳು, ರಜೆ ಮುಗಿಯುವ ತನಕ ಯಾರೂ ಏನೂ ತಗೊಳ್ಳಬಾರದು, ಜಗಳ ಆಡಬಾರದು ಅಂತ. ಅಪ್ಪ-ಅಮ್ಮ ಇಬ್ಬರಿಂದಲೂ ಸಹಿ ಹಾಕಿಸಿದಳು. ದೇಶಕ್ಕೆಲ್ಲ ಬುದ್ಧಿ ಹೇಳುವವನ ಮನೆಯಲ್ಲಿ ದೊಡ್ಡವರ ಕೆಲಸ ಮಾಡಿದ್ದು ಆ ಮಗು. ಒಪ್ಪಂದ ಉಳಿಯಲಿಲ್ಲ ಬಿಡು. ಬ್ರೆಂಡಾ ಕೆಲವು ವರ್ಷಗಳಲ್ಲಿ ಕುಡಿತ ಬಿಟ್ಟಳು. ಅವನು ಪೂರ್ತಿ ಸುಧಾರಿಸಲು ಬಹಳ ಕಾಲ ಹಿಡಿಯಿತು. 2004ರಲ್ಲಿ, ಅರುವತ್ತೇಳನೇ ವಯಸ್ಸಿನಲ್ಲಿ, ನೋವಿನ ಮಾತ್ರೆ ಮತ್ತು ವೈನಿನ ಚಟ ಬಿಡಿಸಿಕೊಳ್ಳಲು ತಾನಾಗಿ ರಿಹ್ಯಾಬ್‌ಗೆ ಸೇರಿದ.

1978ರಲ್ಲಿ ಮೊದಲ ಹಾರ್ಟ್ ಅಟ್ಯಾಕ್. ಜೊತೆಗೆ ಇನ್‌ಕಂ ಟ್ಯಾಕ್ಸ್ ಬಾಕಿ. ವರ್ಷಗಟ್ಟಲೆ ಲೆಕ್ಕ ನೋಡದೆ ಬಿಟ್ಟಿದ್ದು ಬಡ್ಡಿ, ದಂಡ ಸೇರಿ ಬೆಟ್ಟವಾಗಿತ್ತು. ಅದನ್ನು ತೀರಿಸಲಿಕ್ಕೇ ದಶಕಗಳ ಕಾಲ ಊರೂರು ತಿರುಗಿದ. ಸಾಲವೇ ನನ್ನನ್ನು ಒಳ್ಳೇ ಕಮೆಡಿಯನ್ ಮಾಡಿತು ಅಂತ ಅವನು ಹೇಳುತ್ತಿದ್ದ. ಇದು ನನಗೆ ನಿಜ ಅನ್ನಿಸುತ್ತೆ. ಯಾಕೆಂದರೆ ಊರೂರು ತಿರುಗಿದ್ದರಿಂದ ಬರೀಲೇಬೇಕಾಯಿತು. 1977ರಿಂದ 2008ರವರೆಗೆ ಎಚ್‌ಬಿಓ ಟಿವಿ ಚಾನೆಲ್ಲಿಗೆ 14 ಸ್ಪೆಷಲ್, ಅಂದರೆ ಅವನೊಬ್ಬನದೇ ಪೂರ್ತಿ ಶೋಗಳು. ಸಿಕ್ಕ ಚೀಟಿಯಲ್ಲಿ ಗೀಚೋದು, ಅದನ್ನು ವಿಷಯದ ಪ್ರಕಾರ ಫೈಲಿಗೆ ಹಾಕೋದು, ಫೈಲು ದಪ್ಪ ಆದಾಗ ಐಟಂ ಮಾಡೋದು. ಸ್ಟೇಜ್ ಮೇಲೆ ತಲೆಕೆಟ್ಟವನ ಹಾಗೆ ಕಂಡರೂ ಒಂದೊಂದು ಪದವೂ ಬರೆದು ಬಾಯಿಪಾಠ ಮಾಡಿದ್ದು. ಆ ಚೀಟಿಗಳೆಲ್ಲ ಈಗ ನ್ಯೂಯಾರ್ಕ್ ರಾಜ್ಯದ ಜೇಮ್ಸ್‌ಟೌನ್‌ನಲ್ಲಿರುವ ಕಾಮಿಡಿ ಮ್ಯೂಸಿಯಂನಲ್ಲಿವೆ. ನೀನು ರೀಲ್ಸಿನಲ್ಲಿ ನೋಡಿದ ಸಿಟ್ಟಿನ ಕಾರ್ಲಿನ್ ನಿಜವಾಗಿ ಗಟ್ಟಿಯಾಗಿ ನಿಂತದ್ದು 1992ರ ನ್ಯೂಯಾರ್ಕ್ ಶೋನಲ್ಲಿ. ಆಗ ಅವನಿಗೆ 54.

ಕೊನೆಕೊನೆಯವು ನನಗೆ ಅಷ್ಟು ಇಷ್ಟವಿಲ್ಲ, ಹೇಳಿಬಿಡ್ತೀನಿ. ಕೆಲವು ಕಡೆ ಜೋಕೇ ಇಲ್ಲ, ಬರೀ ಗದರಿಕೆ. ಜನ ನಗುವ ಬದಲು ಚಪ್ಪಾಳೆ ತಟ್ಟುತ್ತಾರೆ. ಚಪ್ಪಾಳೆ ಭಾಷಣಕ್ಕೂ ಸಿಗುತ್ತೆ ಅಲ್ವಾ? ಆದರೆ 2008ರ ಮಾರ್ಚಿನ ಕೊನೆಯ ಸ್ಪೆಷಲ್‌ನಲ್ಲಿ, ಸತ್ತ ಗೆಳೆಯರ ಫೋನ್ ನಂಬರನ್ನು ವಿಳಾಸದ ಪುಸ್ತಕದಿಂದ ಯಾವಾಗ ಅಳಿಸಬೇಕು ಅನ್ನುವ ಮಾತು ಬರುತ್ತೆ. ಅದು ಮತ್ತೆ ಹಳೇ ಬೀದಿಯ ಹುಡುಗನ ಮಾತು. ಜೂನ್ 22ಕ್ಕೆ ಹೋಗಿಬಿಟ್ಟ. 2014ರಲ್ಲಿ 121ನೇ ಬೀದಿಯ ಒಂದು ತುಂಡಿಗೆ ಅವನ ಹೆಸರಿಟ್ಟರು. ತುಂಡಿಗೆ ಮಾತ್ರ. ಹಳೇ ಇಸ್ಕೂಲಿನ ಚರ್ಚು ನಮ್ಮ ಬಾಗಿಲ ಮುಂದೆ ಬೇಡ ಅಂದಿತ್ತು.

ಈಗ ನಿನ್ನ ವಿಷಯ. ಊರಲ್ಲಿ ನಿಮ್ಮ ಜಮೀನು ಹಿಸ್ಸೆ ಆದ ದಿನದ ಕತೆ ನಮಗೆಲ್ಲ ಹೇಳಿದ್ದೀಯಲ್ಲ. ನಿಮ್ಮಪ್ಪ, ಚಿಕ್ಕಪ್ಪ ಮಾತು ಬಿಟ್ಟು ವರ್ಷಗಳಾಗಿದ್ದವು. ಸರ್ವೆಯವನಿಗೆ ಟೇಪು ಹಿಡಿಯೋಕೆ ಆಳಿಲ್ಲದೆ ಇಬ್ಬರ ಕೈಗೂ ಒಂದೊಂದು ತುದಿ ಕೊಟ್ಟ. "ಸಾರ್, ಅವರಿಗೆ ಬಿಗಿಯಾಗಿ ಹಿಡ್ಕೊಳ್ಳೋಕೆ ಹೇಳಿ." "ಸಾರ್, ನಾನು ಬಿಗಿಯಾಗೇ ಹಿಡಿದಿದ್ದೀನಿ, ಅವರೇ ಎಳೀತಿರೋದು ಅಂತ ಹೇಳಿ." ಮಧ್ಯದಲ್ಲಿ ಕಾಫಿ ಲೋಟ ಹಿಡಿದು ನಿಂತ ನಿಮ್ಮಜ್ಜಿ ಸರ್ವೆಯವನಿಗೆ "ಇನ್ನೊಂದ್ಸಲ ಅಳೀಯಪ್ಪಾ, ತಪ್ಪಾಗಿರಬೈದು" ಅಂದರಲ್ಲ, ಆಗ ನಾವೆಲ್ಲ ಹೊಟ್ಟೆ ಹಿಡ್ಕೊಂಡು ನಕ್ಕು, ಆಮೇಲೆ ಸ್ವಲ್ಪ ಹೊತ್ತು ಸುಮ್ನೆ ಕೂತಿದ್ವಿ. ಇದನ್ನು ಒಂದು ಸಲವೂ ಸ್ಟೇಜಿಗೆ ತಂದಿಲ್ಲ ನೀನು. ಕೇಳಿದರೆ ಮನೆ ವಿಷಯ ಅಂತೀಯ.

ನವೆಂಬರ್ ಬುಕಿಂಗ್ ಬಿಡಬೇಡ, ಇಎಂಐ ಇದೆ. ಅತ್ತೆ-ಸೊಸೆ ನಡುವೆ ಈ ಐದು ನಿಮಿಷ ತೂರಿಸು. ಅದರಲ್ಲಿ ಬೈಗುಳ ಬಂದರೆ ಬರಲಿ, ನಿಮ್ಮ ಚಿಕ್ಕಪ್ಪನ ಬಾಯಲ್ಲಿ ಬರೋದು ಗ್ಯಾರಂಟಿ. ಬರಲಿಲ್ಲ ಅಂದರೆ ಒತ್ತಾಯಕ್ಕೆ ತುರುಕಬೇಡ. ಮೊದಲು ಓಪನ್ ಮೈಕಿನಲ್ಲಿ ಹಾಕಿ ನೋಡು, ತಾರೀಖು ಹೇಳು, ಬರ್ತೀನಿ. ಮನೆಯವರನ್ನೂ ಕರೀತೀಯಾದರೆ ನಿಮ್ಮಪ್ಪನಿಗೂ ಚಿಕ್ಕಪ್ಪನಿಗೂ ಅಕ್ಕಪಕ್ಕದ ಸೀಟು ಕೊಡಬೇಡ. ಅಜ್ಜಿಯನ್ನು ನಡುವೆ ಕೂರಿಸು.

ಇಂತಿ ನಿನ್ನ,
ಹಿಂದಿನ ಬೆಂಚಿನ ಗೆಳೆಯ