ಕಾರ್ಡ್ ಕೊಟ್ಟರೆ ಸಾಲದು, ವಿವರಿಸುವವರನ್ನೂ ಕಳಿಸಿ: ವಿರಾಜಪೇಟೆ ಶಾಸಕರಿಗೆ ಬಹಿರಂಗ ಪತ್ರ

ಮಾನ್ಯ ಎ.ಎಸ್. ಪೊನ್ನಣ್ಣ ಅವರಿಗೆ ನಮಸ್ಕಾರ.

ನಾನು ಗೋಣಿಕೊಪ್ಪದ ಒಬ್ಬ ಲ್ಯಾಬ್ ಟೆಕ್ನಿಷಿಯನ್. ಒಂದೇ ಒಂದು ಹುದ್ದೆ ಕೇಳಲು ಈ ಪತ್ರ. ನಮ್ಮ ಜಿಲ್ಲೆಗೆ ಒಬ್ಬ ಜೆನೆಟಿಕ್ ಕೌನ್ಸೆಲರ್ ಬೇಕು, ಅಂದರೆ ವಂಶದಲ್ಲಿ ಬರುವ ಕಾಯಿಲೆಗಳ ಬಗ್ಗೆ ಮನೆಯವರಿಗೆ ತಿಳಿಹೇಳುವವರು. ಮಡಿಕೇರಿಯಲ್ಲಿದ್ದು, ವಾರಕ್ಕೊಮ್ಮೆಯಾದರೂ ತಿತಿಮತಿ ಕಡೆಯ ಬುಡಕಟ್ಟು ಹಾಡಿಗಳಿಗೆ ಬರುವಂಥವರು.

ಸಿಕಲ್ ಸೆಲ್ ಅಂದರೆ ಕೆಂಪು ರಕ್ತಕಣಗಳು ಕುಡುಗೋಲಿನಂತೆ ಬಾಗುವ, ವಂಶದಲ್ಲಿ ಬರುವ ಕಾಯಿಲೆ. ಅದರ ನಿರ್ಮೂಲನೆಯ ರಾಷ್ಟ್ರೀಯ ಅಭಿಯಾನ 2023ರ ಜುಲೈ 1ರಂದು ಶುರುವಾಯಿತು. 40 ವರ್ಷದೊಳಗಿನ 7 ಕೋಟಿ ಜನರ ರಕ್ತ ಪರೀಕ್ಷೆ ಮಾಡುವುದು, 2047ರೊಳಗೆ ಕಾಯಿಲೆ ಇಲ್ಲವಾಗಿಸುವುದು ಅದರ ಗುರಿ. ಕರ್ನಾಟಕವೂ ಅದರಲ್ಲಿದೆ. ನಮ್ಮ ದೇಶದಲ್ಲಿ ಇದು ಮೊದಲು ವರದಿಯಾದದ್ದು 1952ರಲ್ಲಿ, ಇಲ್ಲಿಂದ ದೂರವೇನಲ್ಲದ ನೀಲಗಿರಿಯ ಬುಡಕಟ್ಟು ಜನರಲ್ಲಿ. ನಮಗೆ ಎಚ್ಚರವಾಗಲು ತಡವೇ ಆಯಿತು, ಇರಲಿ.

ರಕ್ತ ತೆಗೆಯುವುದು, ಪರೀಕ್ಷೆ ಮಾಡುವುದು ನಮ್ಮಂಥವರಿಗೆ ಕಷ್ಟವಲ್ಲ. ಫಲಿತಾಂಶ ಬರೆದ ಕಾರ್ಡ್ ಕೈಗೆ ಬಂದ ಮೇಲೆ ಏನು ಅನ್ನುವುದೇ ಕಷ್ಟ. ವಾಹಕ ಎಂದು ಬರೆದ ಕಾರ್ಡ್ ನೋಡಿ ತಾನು ರೋಗಿ ಎಂದುಕೊಂಡು ಕೆಲಸಕ್ಕೇ ಹೋಗದವರನ್ನು ನಾನು ನೋಡಿದ್ದೇನೆ. ವಾಹಕರೆಂದರೆ ಈ ಗುಣ ಅಪ್ಪ ಅವ್ವರಲ್ಲಿ ಒಬ್ಬರಿಂದ ಮಾತ್ರ ಬಂದವರು. ಅವರಿಗೆ ಸಾಮಾನ್ಯವಾಗಿ ಏನೂ ಆಗುವುದಿಲ್ಲ. ತೊಂದರೆ ಬರುವುದು ಅಪ್ಪ ಅವ್ವ ಇಬ್ಬರೂ ವಾಹಕರಾದಾಗ. ಆಗ ಪ್ರತಿ ಬಸಿರಿನಲ್ಲೂ ಮಗುವಿಗೆ ಕಾಯಿಲೆ ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು. ಈ ‘ಪ್ರತಿ’ಯನ್ನು ಅರ್ಥ ಮಾಡಿಸುವುದರಲ್ಲೇ ಎಲ್ಲ ಇದೆ. ‘ಮೊದಲನೆಯದಕ್ಕೆ ಬಂತಲ್ಲ, ಇನ್ನು ಮೂರಕ್ಕೆ ಬರಲ್ಲ’ ಎಂದು ಲೆಕ್ಕ ಹಾಕಿ ಕೂತವರಿದ್ದಾರೆ. ಅವರ ತಪ್ಪಲ್ಲ ಅದು. ಯಾರೂ ಕೂರಿಸಿಕೊಂಡು ಹೇಳಲಿಲ್ಲ, ಅಷ್ಟೇ.

ಇನ್ನು ಬೈಗುಳ ಹೋಗುವುದು ಯಾವಾಗಲೂ ಹೆಂಗಸಿಗೆ. ‘ಅವಳ ಕಡೆಯಿಂದ ಬಂದಿದ್ದು’ ಅನ್ನುತ್ತಾರೆ. ಒಂದು ಪಾಲು ಅಪ್ಪನಿಂದಲೂ ಬರದೆ ಮಗುವಿಗೆ ಈ ಕಾಯಿಲೆ ಬರುವುದೇ ಇಲ್ಲ ಎಂದು ಗಂಡನ ಎದುರಿಗೇ ಹೇಳುವವರು ಬೇಕಲ್ವಾ? ಹುಡುಗಿ ವಾಹಕಳು ಎಂದು ಗೊತ್ತಾದ ಕೂಡಲೇ ಸಂಬಂಧ ಮುರಿಯುತ್ತಾರೆ. ಹುಡುಗನ ರಕ್ತ ಸರಿಯಿದ್ದರೆ ಮಕ್ಕಳಿಗೆ ಕಾಯಿಲೆ ಬರುವುದಿಲ್ಲ. ಆದರೆ ಅವನು ವಂಶದಲ್ಲಿ ಬರುವ ಇನ್ನೊಂದು ರಕ್ತದ ಕಾಯಿಲೆಯಾದ ಥಲಸ್ಸೇಮಿಯಾದ ವಾಹಕನಾದರೆ ಮಾತು ಬೇರೆ. ಬರೀ ಸಿಕಲ್ ಸೆಲ್ ಹುಡುಕುವ ಸಣ್ಣ ಪರೀಕ್ಷೆಯಲ್ಲಿ ಅದು ಕಾಣುವುದಿಲ್ಲ. ಇಂಥ ಸೂಕ್ಷ್ಮವನ್ನು ಒಪಿಡಿ ಸಾಲಿನ ಗಡಿಬಿಡಿಯಲ್ಲಿ ಡಾಕ್ಟರಾದರೂ ಎಷ್ಟು ಹೇಳಿಯಾರು?

ಜೆನೆಟಿಕ್ ಕೌನ್ಸೆಲರ್ ಮಾಡುವುದು ಇದೇ ಕೆಲಸ. ಒಂದು ಮನೆಯವರ ಜೊತೆ ಮುಕ್ಕಾಲು ಗಂಟೆ, ಒಂದು ಗಂಟೆ ಕೂರುತ್ತಾರೆ. ಮೂರು ತಲೆಮಾರಿನ ಚಿತ್ರ ಬರೆಯುತ್ತಾರೆ. ಗಂಡಿಗೆ ಚೌಕ, ಹೆಣ್ಣಿಗೆ ವೃತ್ತ, ರಕ್ತಸಂಬಂಧದ ಮದುವೆಗೆ ಜೋಡಿಗೆರೆ. (ಹೆಸರು ಕೇಳುವ ಮೊದಲು ಒಕ್ಕ, ಅಂದರೆ ಮನೆತನ, ಕೇಳುವ ನಮ್ಮ ಊರಲ್ಲಿ ಈ ಕೆಲಸ ಬೇಗ ಮುಗಿಯಬಹುದು.) ಮದುವೆಯಾಗಿ, ಆಗಬೇಡಿ ಎಂದು ಅವರು ಹೇಳುವುದಿಲ್ಲ. ಇರುವುದನ್ನು ತಿಳಿಸಿ ತೀರ್ಮಾನ ಮನೆಯವರಿಗೇ ಬಿಡುತ್ತಾರೆ. ಗುಟ್ಟು ಕಾಯುತ್ತಾರೆ. ಒಬ್ಬರ ರಿಪೋರ್ಟ್ ಸಂಜೆಯೊಳಗೆ ಇಡೀ ಹಾಡಿಗೆ ಗೊತ್ತಾಗುವ ಕಡೆ ಇದು ಸಣ್ಣ ಮಾತಲ್ಲ. ಇದು ಶಾಪ ಎಂದು ಹೆದರಿದವರಿಗೆ, ಈ ಗುಣ ಕಾಡಿನ ಜನರಲ್ಲಿ ಉಳಿದುಬಂದದ್ದೇ ವಾಹಕರನ್ನು ಅದು ಮಲೇರಿಯಾದಿಂದ ಕಾಪಾಡಿದ್ದಕ್ಕೆ ಎಂದೂ ಹೇಳಬಲ್ಲರು.

ಕಾಯಿಲೆ ಇರುವವರಿಗೂ ಇವರು ಬೇಕು. ಚಳಿಗೆ, ನೀರು ಕಡಿಮೆ ಕುಡಿದರೆ, ಜಾಸ್ತಿ ದಣಿದರೆ ಮೈಕೈ ನೋವು ಕೆರಳುತ್ತದೆ. ಕೊಡಗಿನ ಮಳೆಗಾಲದಲ್ಲಿ, ತೋಟದ ಕಾರ್ಮಿಕರ ಸೋರುವ ಲೈನ್‌ಮನೆಯಲ್ಲಿ ಇದರ ಅರ್ಥ ಏನೆಂದು ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ. ಹೈಡ್ರಾಕ್ಸಿಯೂರಿಯಾ ಮಾತ್ರೆ ನೋವು ಬರುವುದನ್ನು ಕಡಿಮೆ ಮಾಡುತ್ತದೆ. ಆದರೆ ಆಗಾಗ ರಕ್ತ ಪರೀಕ್ಷೆ ಮಾಡಿಸುತ್ತಿರಬೇಕು. ಅದನ್ನು ನೆನಪಿಸುವವರು ಯಾರು?

ಬಸುರಿಯರ ವಿಷಯದಲ್ಲಿ ದಿನಗಳ ಲೆಕ್ಕವೂ ಇದೆ. ಹೊಟ್ಟೆಯ ಮಗುವಿಗೆ ಕಾಯಿಲೆ ಇದೆಯೇ ಎಂದು 11ರಿಂದ 14 ವಾರದೊಳಗೆ ಒಂದು ಪರೀಕ್ಷೆ ಮಾಡಬಹುದು. ಅದು ತಪ್ಪಿದರೆ 15 ವಾರ ಕಳೆದ ಮೇಲೆ ಇನ್ನೊಂದು. ನೀವು ವಕೀಲರು, ನಿಮಗೆ ಗೊತ್ತು: ಭ್ರೂಣಲಿಂಗ ಪತ್ತೆ ತಡೆಯುವ 1994ರ ಕಾಯ್ದೆ ಇಂಥ ಕಾಯಿಲೆಗಳ ಪರೀಕ್ಷೆಗೆ ಅವಕಾಶ ಕೊಟ್ಟಿದೆ. ಜೆನೆಟಿಕ್ ಕೌನ್ಸೆಲಿಂಗ್ ಕೇಂದ್ರಗಳ ಹೆಸರೂ ಅದರಲ್ಲೇ ಇದೆ. ಆದರೆ ಪರೀಕ್ಷೆ ಇದೆ ಎಂದು ಐದನೇ ತಿಂಗಳು ದಾಟಿದ ಮೇಲೆ ಗೊತ್ತಾದರೆ ಆ ಹೆಣ್ಣುಮಗಳಿಗೆ ಉಳಿಯುವ ದಾರಿ ತುಂಬ ಕಡಿಮೆ.

ಫೋನಿನಲ್ಲೇ ಮಾಡಿಸೋಣ ಎಂದು ಯಾರಾದರೂ ಹೇಳಿಯಾರು. ನಾಗರಹೊಳೆ ಅಂಚಿನಲ್ಲಿ ನೆಟ್‌ವರ್ಕ್ ಎಷ್ಟು ಸಿಗುತ್ತದೆ ಎಂದು ಅವರೇ ಬಂದು ನೋಡಲಿ. ಮಡಿಕೇರಿಗೇ ಬರಲಿ ಅನ್ನುವುದೂ ಆಗದ ಮಾತು. ತಿತಿಮತಿಯಿಂದ ಹೋಗಿ ಬರುವಷ್ಟರಲ್ಲಿ ಆ ದಿನದ ಕೂಲಿ ಹೋಗಿರುತ್ತದೆ.

ಕಲಿತವರು ನಮ್ಮ ರಾಜ್ಯದಲ್ಲೇ ಸಿಗುತ್ತಾರೆ. ಮಣಿಪಾಲದಲ್ಲಿ ಇದಕ್ಕೇ ಎಂಎಸ್ಸಿ ಕೋರ್ಸ್ ಇದೆ. ಅವರ ಜೊತೆಗೆ ಯರವ ಮತ್ತು ಜೇನುಕುರುಬ ಮಾತು ಬಲ್ಲ ಹಾಡಿಯ ಯುವತಿಯೊಬ್ಬಳನ್ನು ಸಹಾಯಕಿಯಾಗಿ ತೆಗೆದುಕೊಳ್ಳಿ. ಕನ್ನಡದಲ್ಲಿ ಕೇಳಿ ತಲೆಯಾಡಿಸುವುದು ಬೇರೆ, ಮನೆಮಾತಿನಲ್ಲಿ ಕೇಳಿ ತಿರುಗಿ ಪ್ರಶ್ನೆ ಹಾಕುವುದು ಬೇರೆ.

ಮಡಿಕೇರಿಯ ಬೋಧಕ ಆಸ್ಪತ್ರೆ ವೈದ್ಯಕೀಯ ಶಿಕ್ಷಣ ಇಲಾಖೆಗೆ ಸೇರಿದ್ದು, ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರಗಳು ಆರೋಗ್ಯ ಇಲಾಖೆಗೆ, ಹಾಡಿಗಳ ಯೋಜನೆಗಳು ಪರಿಶಿಷ್ಟ ಪಂಗಡಗಳ ಕಲ್ಯಾಣ ಇಲಾಖೆಗೆ. ಮೂವರನ್ನೂ ಒಂದೇ ಮೇಜಿನ ಸುತ್ತ ಕೂರಿಸುವುದು ನಮ್ಮಿಂದ ಆಗದು, ನಿಮ್ಮಿಂದ ಆಗುತ್ತದೆ. ಇಲಾಖೆಗಳ ಪ್ರಗತಿ ಪರಿಶೀಲಿಸುವ ಮುಂದಿನ ಕೆಡಿಪಿ ಸಭೆಯಲ್ಲಿ ಇದನ್ನು ಎತ್ತುತ್ತೀರಾ? ಹುದ್ದೆ ಮಂಜೂರಾಗುವವರೆಗೆ ಗುತ್ತಿಗೆ ಮೇಲಾದರೂ ಒಬ್ಬರನ್ನು ಕಳಿಸಿ. ತಿತಿಮತಿಯಲ್ಲಿ ಕೂರಲು ಒಂದು ಕೋಣೆ, ಮುಚ್ಚುವ ಒಂದು ಬಾಗಿಲು ಇದ್ದರೆ ಕೆಲಸ ಶುರು ಮಾಡಬಹುದು.

ಇಂತಿ,
ಗೋಣಿಕೊಪ್ಪದ ಒಬ್ಬ ಲ್ಯಾಬ್ ಟೆಕ್ನಿಷಿಯನ್